ನೀರಿನ ಒಡಲಿನ ಗುಟ್ಟು ಬಿಡಿಸಿದ ಸ್ಯಾಮ್ ರೂಬೆನ್

ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಕನ್ನಡಿಗರು ನೆನೆಯುವ ಕಡೂರು ತಾಲ್ಲೂಕಿನ ದೇವನೂರಿನಲ್ಲಿ ತೆಂಗಿನ ಗರಿಯ ಮೇಲೆ ಬಿಸಿಲು ಬಿದ್ದೊಡನೆ ಅದರೊಳಗೆ ನೀರು ಒಡೆಯತೊಡಗುತ್ತದೆ. ಹೊರಬೀಳುವ ಆಮ್ಲಜನಕ ನಮ್ಮ ಉಸಿರಾಗುತ್ತದೆ. ಇಂದು ಶಾಲಾ ಮಕ್ಕಳಿಗೂ ಗೊತ್ತಿರುವ ಈ ಸಂಗತಿ 20ನೇ ಶತಮಾನದ ಆರಂಭದಲ್ಲಿ ವಿದ್ವಾಂಸರಿಗೇ ತಿಳಿದಿರಲಿಲ್ಲ. ಎಲೆ ಹೊರಬಿಡುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನದೆಂದೇ ಬಹುಕಾಲ ನಂಬಲಾಗಿತ್ತು. ಅದು ನೀರಿನದೆಂದು ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ಪ್ರಮುಖರು ಅಮೆರಿಕದ ರಸಾಯನ ವಿಜ್ಞಾನಿ ಸ್ಯಾಮ್ ರೂಬೆನ್. ಅವರು ಬದುಕಿದ್ದು 29 ವರ್ಷ ಮಾತ್ರ.

1913ರ ನವೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದ ರೂಬೆನ್, ಬರ್ಕ್‌ಲಿಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಮುಷ್ಟಿಯುದ್ಧ, ಬ್ಯಾಸ್ಕೆಟ್‌ಬಾಲ್‌ಗಳ ಹುಚ್ಚು. 1938ರಲ್ಲಿ ಅಲ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದಲೇ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಗೆಳೆಯ ಮಾರ್ಟಿನ್ ಕೇಮನ್ ಜೊತೆಗೂಡಿ ವಿಕಿರಣಶೀಲ ಇಂಗಾಲ-11ನ್ನು ಸಸ್ಯಗಳಿಗೆ ಉಣಿಸಿ ಅದರ ಜಾಡು ಹಿಡಿಯಲು ಹೊರಟರು. ಅದರ ಅರ್ಧಾಯು ಸುಮಾರು 20 ನಿಮಿಷ. ತಯಾರಾದೊಡನೆ ಓಡಿಬಂದು ಪ್ರಯೋಗ ಮುಗಿಸಬೇಕು. ಈ ಧಾವಂತಕ್ಕೆ ಪರಿಹಾರವೆಂಬಂತೆ 1940ರ ಫೆಬ್ರವರಿಯಲ್ಲಿ ಇಬ್ಬರೂ ಇಂಗಾಲ-14ನ್ನು ಪತ್ತೆಹಚ್ಚಿದರು. ಇದರ ಅರ್ಧಾಯು 5,730 ವರ್ಷ!

ನೀರಿನ ಪ್ರಶ್ನೆಗೆ ರೂಬೆನ್ ಹಿಡಿದ ದಾರಿ ಸರಳ. ಭಾರವಾದ ಆಮ್ಲಜನಕ-18 ನಿಸರ್ಗದಲ್ಲಿ ಶೇ. 0.2ರಷ್ಟಿದೆ. ಅದರ ಪ್ರಮಾಣವನ್ನು ಹೆಚ್ಚಿಸಿದ ನೀರಿನಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿಯನ್ನಿಟ್ಟು, ಬೆಳಕು ಹಾಯಿಸಿ, ಹೊರಬಂದ ಅನಿಲವನ್ನು ಅಳೆದರು. ಅದರಲ್ಲಿದ್ದ ಭಾರದ ಆಮ್ಲಜನಕದ ಪಾಲು ನೀರಿನದಕ್ಕೆ ಹೊಂದಿತೇ ಹೊರತು ಕಾರ್ಬೊನೇಟಿನದಕ್ಕಲ್ಲ. 1941ರಲ್ಲಿ ಫಲಿತಾಂಶ ಪ್ರಕಟವಾಯಿತು. ವಾನ್ ನೀಲ್ ಅವರು ಬ್ಯಾಕ್ಟೀರಿಯಾಗಳ ಅಧ್ಯಯನದಿಂದ ಮಾಡಿದ್ದ ಊಹೆಗೂ, ರಾಬಿನ್ ಹಿಲ್ ಅವರ ಪ್ರಯೋಗಗಳಿಗೂ ಇದರಿಂದ ಬಲ ಬಂತು. ಎರಡು ನೀರಿನ ಅಣುಗಳು ಒಡೆದು ಒಂದು ಆಮ್ಲಜನಕದ ಅಣು, ನಾಲ್ಕು ಎಲೆಕ್ಟ್ರಾನು, ನಾಲ್ಕು ಪ್ರೋಟಾನುಗಳು ಹೊರಡುತ್ತವೆಂದು ಈಗ ತಿಳಿದಿದೆ. ಇದನ್ನು ನಡೆಸುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಪರಮಾಣುಗಳ ಪುಟ್ಟ ಗೊಂಚಲು. ಅದರ ವಿವರವಾದ ರಚನೆ ಬೆಳಕಿಗೆ ಬಂದದ್ದು 2011ರಲ್ಲಿ.

ಅಷ್ಟರಲ್ಲಿ ಮಹಾಯುದ್ಧ ರೂಬೆನ್ ಅವರನ್ನು ಸಸ್ಯಗಳಿಂದ ದೂರ ಎಳೆದಿತ್ತು. ಉಸಿರನ್ನು ಕೊಡುವ ಅನಿಲದ ಮೂಲ ಹುಡುಕಿದವರು ಉಸಿರು ಕಟ್ಟಿಸುವ ಫಾಸ್ಜೀನ್ ವಿಷಾನಿಲದ ಸಂಶೋಧನೆಗೆ ನಿಯುಕ್ತರಾದರು. ವಾಹನ ಅಪಘಾತದಲ್ಲಿ ಕೈಮೂಳೆ ಮುರಿದಿದ್ದರೂ 1943ರ ಸೆಪ್ಟೆಂಬರ್ 27ರಂದು ಪ್ರಯೋಗಾಲಯಕ್ಕೆ ಬಂದರು. ಫಾಸ್ಜೀನ್ ತುಂಬಿದ ಗಾಜಿನ ಕೊಳವೆ ಒಡೆಯಿತು. ಮರುದಿನ ಅವರು ತೀರಿಕೊಂಡರು. ಹಿಂದೆ ಉಳಿದವರು ಪತ್ನಿ ಹೆಲೆನಾ ಮತ್ತು ಮೂವರು ಮಕ್ಕಳು.

ಕೇಮನ್ ಅವರೂ 1944ರಲ್ಲಿ ಭದ್ರತೆಯ ಶಂಕೆಗೆ ಗುರಿಯಾಗಿ ಬರ್ಕ್‌ಲಿಯ ಕೆಲಸ ಕಳೆದುಕೊಂಡರು. ಇಂಗಾಲ-14ನ್ನು ಬಳಸಿ ಸಸ್ಯಗಳು ಸಕ್ಕರೆ ಕಟ್ಟುವ ಹಾದಿಯನ್ನು ಬಿಡಿಸಿದ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಅದು ಅರ್ಹರಿಗೇ ಸಂದ ಗೌರವ. ರೂಬೆನ್ ಇದ್ದಿದ್ದರೆ ಆಗ ಅವರಿಗೆ 48 ವರ್ಷ.