ನಲ್ಲಿ ನೀರಿನ ಗುಟ್ಟು ಬಿಡಿಸಿದ ಡಾಕ್ಟರ್: ಸಿಡ್ನಿ ರಿಂಗರ್

ಹಾಸನದ ಯಾವ ಆಸ್ಪತ್ರೆಯ ವಾರ್ಡಿಗೆ ಹೋದ್ರೂ ಸ್ಟ್ಯಾಂಡಿನಲ್ಲಿ ಒಂದು ಬಾಟಲಿ ನೇತಾಡ್ತಾ ಇರುತ್ತೆ. ನಮ್ಮೂರಲ್ಲಿ ಎಲ್ಲದಕ್ಕೂ ಗ್ಲೂಕೋಸ್ ಬಾಟ್ಲು ಅಂತಲೇ ಹೆಸರು. ಆದರೆ ನರ್ಸ್‌ಗಳನ್ನು ಕೇಳಿದ್ರೆ ಅದರಲ್ಲಿ ಹಲವು ಆರ್‌ಎಲ್ ಅಂತಾರೆ. ಎಲ್ ಅಂದ್ರೆ ಲ್ಯಾಕ್ಟೇಟ್, ಆರ್ ಅಂದ್ರೆ ರಿಂಗರ್. ದಿನಾ ಸಾವಿರಾರು ಜನರ ಮೈಗೆ ಹೋಗೋ ದ್ರವಕ್ಕೆ ಹೆಸರು ಕೊಟ್ಟ ಈ ರಿಂಗರ್ ಯಾರು? ಎಂಜಿನಿಯರಿಂಗ್ ಓದ್ತಿರೋ ನಮಗೆ ಡಾಕ್ಟರ್ ಕಥೆ ಯಾಕೆ ಅಂತೀರಾ? ಪೂರ್ತಿ ಓದಿ ನೋಡಿ. ನಮ್ಮ ಕೆಮಿಸ್ಟ್ರಿ ಲ್ಯಾಬೂ ಇದರಲ್ಲಿ ಬರುತ್ತೆ.

ಸಿಡ್ನಿ ರಿಂಗರ್ ಹುಟ್ಟಿದ್ದು 1835ರ ಸುಮಾರಿಗೆ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಸಹೋದರರು ದೂರದ ಚೀನಾ, ಜಪಾನಿನ ಕಡೆ ವ್ಯಾಪಾರಕ್ಕೆ ಹೋಗಿ ದುಡ್ಡು ಮಾಡಿದರು. ಇವರು ಮಾತ್ರ 1854ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ವೈದ್ಯಕೀಯ ಓದಲು ಸೇರಿದವರು, ಜೀವನವಿಡೀ ಅದೇ ಕಾಲೇಜು, ಅದೇ ಆಸ್ಪತ್ರೆಯಲ್ಲೇ ಉಳಿದುಬಿಟ್ಟರು. 1869ರಲ್ಲಿ ಔಷಧಗಳ ಬಗ್ಗೆ ಒಂದು ಕೈಪಿಡಿ ಬರೆದರು. ಅದು ಹದಿಮೂರು ಮುದ್ರಣ ಕಂಡಿತು. ಅಷ್ಟು ಹೆಸರು ಬಂದ ಮೇಲೆ ಆರಾಮಾಗಿ ರೋಗಿಗಳನ್ನು ನೋಡಿಕೊಂಡು ಇರಬಹುದಿತ್ತು. ಆದರೆ ಅವರು ಆಸ್ಪತ್ರೆ ಕೆಲಸದ ಹಿಂದೆ ಮುಂದೆ ಬಿಡುವು ಮಾಡಿಕೊಂಡು ಪ್ರಯೋಗಾಲಯಕ್ಕೆ ಓಡುತ್ತಿದ್ದರು.

ಅಲ್ಲಿ ಅವರು ಹಿಡಿದ ಪ್ರಶ್ನೆ ಸರಳವಾಗಿತ್ತು: ರಕ್ತದಲ್ಲಿರೋ ಯಾವ ಯಾವ ಲವಣ ಹೃದಯದ ಬಡಿತಕ್ಕೆ ಬೇಕು? ಕಪ್ಪೆಯ ಹೃದಯವನ್ನು ಹೊರತೆಗೆದು, ಅದರೊಳಗೆ ಅಡುಗೆ ಉಪ್ಪಿನ ದ್ರಾವಣ ಹರಿಸಿದರು. ಬಡಿತ ಚೆನ್ನಾಗಿಯೇ ನಡೆಯಿತು. ಹಾಗಾದ್ರೆ ಬರೀ ಉಪ್ಪುನೀರಿನಲ್ಲೇ ಹೃದಯ ಬಹಳ ಹೊತ್ತು ನಡೆಯುತ್ತೆ ಅಂತಾಯ್ತಲ್ಲ. 1882ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿಯೂ ಬಿಟ್ಟರು. ಆಮೇಲೆ ದ್ರಾವಣವನ್ನು ಶುದ್ಧವಾದ ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ ಹರಿಸಿದರೆ, ಅದೇ ಹೃದಯ ಬರಬರುತ್ತಾ ಸೋತು ಸುಮಾರು 20 ನಿಮಿಷದಲ್ಲಿ ನಿಂತೇಹೋಯಿತು!

ತೂಕ ಅದೇ, ಉಪ್ಪು ಅದೇ, ಕಪ್ಪೆಯೂ ಅದೇ ಜಾತಿಯದು. ಬದಲಾಗಿದ್ದು ಏನು? ವಿಚಾರಿಸಿದಾಗ ತಿಳಿಯಿತು: ಮೊದಲು ದ್ರಾವಣ ಮಾಡುವಾಗ ಬಳಸಿದ್ದು ಡಿಸ್ಟಿಲ್ಡ್ ವಾಟರ್ ಅಲ್ಲ, ನಲ್ಲಿ ನೀರು! ಅದು ನ್ಯೂ ರಿವರ್ ಕಂಪನಿ ಸರಬರಾಜು ಮಾಡುತ್ತಿದ್ದ ನೀರು. ಹೆಸರಿಗೆ ನದಿ ಅಷ್ಟೇ, ನಿಜಕ್ಕೂ ಅದು ನಮ್ಮ ಹೇಮಾವತಿ ನಾಲೆ ಥರ ಮನುಷ್ಯರು ತೋಡಿದ ಕಾಲುವೆ. ಸುಣ್ಣದ ಅಂಶದ ಕಲ್ಲಿನ ನೆಲದ ಬುಗ್ಗೆಗಳಿಂದ ಲಂಡನ್ನಿಗೆ ನೀರು ತರುತ್ತಿತ್ತು. ಹಾಗಾಗಿ ಆ ನೀರಿನಲ್ಲಿ ಲೀಟರಿಗೆ ಸುಮಾರು 38 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಹೃದಯವನ್ನು ನಡೆಸಿದ್ದು ಆ ಕ್ಯಾಲ್ಸಿಯಂ.

ಈ 38 ಎಷ್ಟು ಸಣ್ಣದು ಅಂತ ತಿಳಿಯಬೇಕಾ? ಮೊದಲ ವರ್ಷದ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ನೀರಿನ ಗಡಸುತನ ಕಂಡುಹಿಡಿದಿದ್ದೀವಲ್ಲ, ವೈನ್ ಕೆಂಪು ಹೋಗಿ ನೀಲಿ ಬರೋದು? ಅದರಲ್ಲಿ ನಾವು ಅಳೆಯೋದು ಇದನ್ನೇ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಒಪ್ಪಿಗೆ. ಅದರ ಅರ್ಧದಷ್ಟಕ್ಕೆ ಒಂದು ಹೃದಯದ ಅಳಿವು ಉಳಿವು ನಿಂತಿತ್ತು.

ರಿಂಗರ್ ದೊಡ್ಡವರು ಅನಿಸೋದು ಇಲ್ಲಿ. ನೀರಿನ ವಿಷಯವನ್ನು ಮುಚ್ಚಿಹಾಕಬಹುದಿತ್ತು. ಅವರು 1883ರಲ್ಲಿ ಅದೇ ಶರೀರವಿಜ್ಞಾನ ಪತ್ರಿಕೆಯಲ್ಲಿ, ತಮ್ಮ ಹಿಂದಿನ ಲೇಖನದ ದ್ರಾವಣ ನಲ್ಲಿ ನೀರಿನದು, ಹಾಗಾಗಿ ಅಲ್ಲಿನ ತೀರ್ಮಾನ ನಿಲ್ಲುವುದಿಲ್ಲ ಎಂದು ಬರೆದು, ಎಲ್ಲವನ್ನೂ ಮೊದಲಿಂದ ಮಾಡಿದರು. ಕ್ಯಾಲ್ಸಿಯಂ ಹೆಚ್ಚಾದರೆ ಹೃದಯ ಬಿಗಿದುಕೊಂಡು ಸಡಿಲವಾಗುವುದೇ ಇಲ್ಲ. ಪೊಟ್ಯಾಸಿಯಂ ಹೆಚ್ಚಾದರೆ ಸಡಿಲವಾಗಿ ನಿಲ್ಲುತ್ತೆ. ಎರಡೂ ಹದವಾಗಿ ಸೇರಿ, ಜೊತೆಗೆ ಉಪ್ಪು ಮತ್ತು ಚೂರು ಸೋಡಿಯಂ ಬೈಕಾರ್ಬನೇಟ್ ಇದ್ದರೆ ಗಂಟೆಗಟ್ಟಲೆ ಬಡಿಯುತ್ತೆ. ಇದೇ ರಿಂಗರ್ ದ್ರಾವಣ. ಸಣ್ಣ ಮೀನುಗಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ ಅನ್ನೋದನ್ನೂ ತೋರಿಸಿದರು. ಶುದ್ಧ ಅಂದ ಮಾತ್ರಕ್ಕೆ ಜೀವಕ್ಕೆ ಒಗ್ಗುತ್ತೆ ಅಂತಲ್ಲ.

ಅವರನ್ನು ದೇವರು ಮಾಡೋದೂ ಬೇಡ. ಅದೇ 1883ರಲ್ಲಿ ಇವರೂ ವಿಲಿಯಂ ಮರೆಲ್ ಎಂಬ ವೈದ್ಯರೂ ಸೇರಿ, ಸೋಡಿಯಂ ನೈಟ್ರೈಟ್ ಮೈಗೆ ಏನು ಮಾಡುತ್ತೆ ಅಂತ ಆಸ್ಪತ್ರೆಗೆ ಬಂದವರಿಗೆ ಕೊಟ್ಟು ನೋಡಿದ ವರದಿ ಪ್ರಕಟಿಸಿದರು. ತಗೊಂಡವರು ಚೆನ್ನಾಗಿ ನರಳಿದ್ದರು. ಚಿಕಿತ್ಸೆಗೆ ಬಂದ ಬಡವರ ಮೇಲೆ ಪ್ರಯೋಗವಾ ಅಂತ ದೊಡ್ಡ ಗಲಾಟೆಯೇ ಆಯಿತು. ಆ ಟೀಕೆ ನ್ಯಾಯವಾದದ್ದೇ. ಕಪ್ಪೆಯ ಹೃದಯದ ಮುಂದೆ ಅಷ್ಟು ಎಚ್ಚರದಿಂದ ಇದ್ದವರು ಇಲ್ಲಿ ಎಡವಿದರು ಅಂತಲೇ ನಮಗೆ ಅನ್ಸತ್ತೆ.

1885ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಮನೆಯಲ್ಲಿ ಮಾತ್ರ ದುಃಖವಿತ್ತು. ಹಿರಿಯ ಮಗಳು ಚಿಕ್ಕ ವಯಸ್ಸಲ್ಲೇ ತೀರಿಕೊಂಡಿದ್ದಳು. ಅವಳ ನೆನಪಿಗೆ ಹೆಂಡತಿಯ ಊರಾದ ಲಾಸ್ಟಿಂಗ್‌ಹ್ಯಾಮ್‌ನ ಹಳೇ ಚರ್ಚನ್ನು ದುರಸ್ತಿ ಮಾಡಿಸಿದರು. 1900ರಲ್ಲಿ ನಿವೃತ್ತರಾಗಿ ಆ ಊರಿಗೇ ಹೋಗಿ ನೆಲೆಸಿ, 1910ರ ಅಕ್ಟೋಬರ್ 14ರಂದು ಅಲ್ಲೇ ಕೊನೆಯುಸಿರೆಳೆದರು.

ಅವರು ಹೋದರೂ ದ್ರಾವಣ ನಿಲ್ಲಲಿಲ್ಲ. 1923ರಲ್ಲಿ ಜರ್ಮನಿಯ ಗೇಯೋರ್ಗ್ ಗಾಂಟರ್, ಕಿಡ್ನಿ ಕೈಕೊಟ್ಟ ರೋಗಿಯ ಹೊಟ್ಟೆಯೊಳಗೆ ಉಪ್ಪುನೀರು ತುಂಬಿ, ಹೊರತೆಗೆದು, ರಕ್ತದ ಕಶ್ಮಲ ಕಮ್ಮಿ ಮಾಡಲು ನೋಡಿದರು. ಹೊಟ್ಟೆಯೊಳಗಿನ ತೆಳುವಾದ ಪೊರೆ ಪೆರಿಟೋನಿಯಂ ಇಲ್ಲಿ ಜರಡಿ ಥರ ಕೆಲಸ ಮಾಡುತ್ತೆ. ಅದಕ್ಕೇ ಇದು ಪೆರಿಟೋನಿಯಲ್ ಡಯಾಲಿಸಿಸ್. ಆದರೆ ಬರೀ ಉಪ್ಪುನೀರು ಹಾಕಿದರೆ ರಕ್ತ ಆಮ್ಲೀಯವಾಗುತ್ತೆ. ರಿಂಗರ್ ಎದುರಿಸಿದ ಪ್ರಶ್ನೆಯೇ ತಿರುಗಿ ಬಂತು: ನೀರಿನಲ್ಲಿ ಏನೇನು, ಎಷ್ಟೆಷ್ಟು ಇರಬೇಕು?

ಇವತ್ತಿನ ಡಯಾಲಿಸಿಸ್ ಚೀಲ ಅದಕ್ಕೆ ಉತ್ತರ. ಲೀಟರಿಗೆ ಸೋಡಿಯಂ ಸುಮಾರು 132 ಮಿಲಿಮೋಲ್, ಕ್ಯಾಲ್ಸಿಯಂ 1.25 ಅಥವಾ 1.75, ಚೂರು ಮೆಗ್ನೀಸಿಯಂ. ಸಾಮಾನ್ಯವಾಗಿ ಪೊಟ್ಯಾಸಿಯಂ ಮಾತ್ರ ಸೊನ್ನೆ, ಯಾಕಂದ್ರೆ ಕಿಡ್ನಿ ಕೆಟ್ಟವರ ರಕ್ತದಲ್ಲಿ ಅದು ಆಗಲೇ ಹೆಚ್ಚಾಗಿರುತ್ತೆ, ಹೊರಗೆ ಬರಬೇಕು. ನೀರನ್ನು ಎಳೆಯೋಕೆ ಗ್ಲೂಕೋಸ್, ಆಸ್ಮೋಸಿಸ್ ಲೆಕ್ಕ. ಬೈಕಾರ್ಬನೇಟ್ ಹಾಕೋಣ ಅಂದ್ರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕೆ ಕೂರುತ್ತೆ. ಚನ್ನರಾಯಪಟ್ಟಣದ ಕಡೆ ಬೋರ್‌ವೆಲ್ ನೀರು ಕಾಯಿಸೋ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ. ಹಾಗಾಗಿ ಲ್ಯಾಕ್ಟೇಟ್ ಹಾಕ್ತಾರೆ, ದೇಹವೇ ಅದನ್ನು ಬೈಕಾರ್ಬನೇಟ್ ಮಾಡಿಕೊಳ್ಳುತ್ತೆ. ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದ್ದು ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, 1932ರಲ್ಲಿ.

ಇನ್ನೊಂದು ತೊಡಕಿದೆ. ಕ್ರಿಮಿ ಸಾಯಲಿ ಅಂತ ಚೀಲವನ್ನು ಕಾಯಿಸಿದರೆ ಗ್ಲೂಕೋಸ್ ಒಡೆಯುತ್ತೆ. ಅದನ್ನು ಕಮ್ಮಿ ಮಾಡಲು ದ್ರವದ ಪಿಎಚ್ ಅನ್ನು 5.5ರ ಆಸುಪಾಸು ಇಡ್ತಾರೆ. ಆ ಹುಳಿ, ಒಡೆದ ಗ್ಲೂಕೋಸಿನ ಚೂರುಗಳು ಎರಡೂ ವರ್ಷ ಕಳೆದಂತೆ ಪೊರೆಯನ್ನು ಹಾಳು ಮಾಡುತ್ತವೆ. ಇದಕ್ಕೆ ಬಂದ ಉಪಾಯ ಎರಡು ಕೋಣೆಯ ಚೀಲ: ಗ್ಲೂಕೋಸ್ ಒಂದರಲ್ಲಿ, ಬೈಕಾರ್ಬನೇಟ್ ಅಥವಾ ಲ್ಯಾಕ್ಟೇಟ್ ಇನ್ನೊಂದರಲ್ಲಿ. ಹೊಟ್ಟೆಗೆ ಬಿಡುವ ಮುಂಚೆ ನಡುವಿನ ಸೀಲು ಒಡೆದು ಬೆರೆಸೋದು. ಒಳ್ಳೇದೇ, ಆದರೆ ಬೆಲೆ ಜಾಸ್ತಿ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಯಂತ್ರದ ಡಯಾಲಿಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸರ್ತಿ ಆಸ್ಪತ್ರೆಗೆ ಹೋಗಬೇಕು, ಒಂದೊಂದು ಸರ್ತಿಗೂ 120 ಲೀಟರಿನಷ್ಟು ಶುದ್ಧೀಕರಿಸಿದ ನೀರು ಬೇಕು. ಅರಕಲಗೂಡು ಅಥವಾ ಹೊಳೆನರಸೀಪುರದ ಒಳಗಿನ ಹಳ್ಳಿಯ ಕೂಲಿಯವರಿಗೆ ಅಂದ್ರೆ ವಾರದಲ್ಲಿ ಮೂರು ದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಬೇರೆ. ಹೊಟ್ಟೆಯ ಡಯಾಲಿಸಿಸ್ ಆದರೆ ಮನೆಯಲ್ಲೇ 2 ಲೀಟರ್ ಚೀಲದಿಂದ ದಿನಕ್ಕೆ ಮೂರು ನಾಲ್ಕು ಸಲ ಮಾಡಿಕೊಳ್ಳಬಹುದು. ಕರೆಂಟೂ ಬೇಡ. ಇದರ ಲೆಕ್ಕ ಹಾಕಿ 1976ರಲ್ಲಿ ವೈದ್ಯ ಜ್ಯಾಕ್ ಮಾನ್‌ಕ್ರೀಫ್ ಜೊತೆ ಜಗತ್ತಿಗೆ ಹೇಳಿದ ರಾಬರ್ಟ್ ಪೊಪೊವಿಚ್ ಒಬ್ಬ ಎಂಜಿನಿಯರ್!

ಪೊರೆಗೆ ನೋವಾಗದ, ಹಳ್ಳಿ ಮನೆಗೆ ಕೈಗೆಟುಕುವ ಬೆಲೆಯ ಚೀಲ ಇನ್ನೂ ಬರಬೇಕಿದೆ. ಕೆಮಿಕಲ್, ಬಯೋಟೆಕ್, ಮೆಕ್ಯಾನಿಕಲ್ ಯಾರೇ ಆಗಿರಲಿ, ನಮ್ಮಲ್ಲಿ ಕೆಲವರು ಈ ಕೆಲಸಕ್ಕೆ ಕೈ ಹಾಕಬಹುದು. ಆಗ ರಿಂಗರ್ ಕಲಿಸಿದ್ದನ್ನು ನೆನಪಿಟ್ಟುಕೊಳ್ಳೋಣ: ಎರಡು ರೀಡಿಂಗ್ ತಾಳೆಯಾಗದಿದ್ದರೆ ಆಬ್ಸರ್ವೇಶನ್ ಪುಸ್ತಕ ತಿದ್ದೋದಲ್ಲ, ನೀರು ಎಲ್ಲಿಂದ ಬಂತು ಅಂತ ಕೇಳೋದು.