ಇಪ್ಪತ್ತು ಅಕ್ಷರಗಳ ಪುಸ್ತಕ ಬರೆದ ಮಾರ್ಗರೆಟ್ ಡೇಹಾಫ್



ಕನ್ನಡ ತರಗತಿಗೆ ಬಂದ ಮೊದಲ ವರ್ಷ ನೀವೆಲ್ಲ ಏನು ಕಲಿತಿರಿ, ನೆನಪಿದೆಯಾ? ಅ, ಆ, ಇ, ಈ ಅಂತ ಶುರು ಮಾಡಿ 49 ಅಕ್ಷರ. ಆಗ ಕೆಲವರಿಗೆ ‘ಅ’ಕಾರ, ‘ಹ’ಕಾರ ಅದಲುಬದಲಾಗುತ್ತಿತ್ತು. ಅಂಗಡಿಯ ಪಟ್ಟಿಯಲ್ಲಿ ಅಕ್ಕಿ ಅಂತ ಬರೆಯೋ ಕಡೆ ಹಕ್ಕಿ ಅಂತ ಬರೆದುಬಿಟ್ಟರೆ ಅಮ್ಮ ಏನು ತರಬೇಕು ಹೇಳಿ! ಬದಲಾದದ್ದು ಒಂದೇ ಅಕ್ಷರ, ಆದರೆ ಅರ್ಥ ಪೂರ್ತಿ ಬೇರೆ.

ನಿಮ್ಮ ಮೈಯೊಳಗೂ ಇಂಥದ್ದೇ ಒಂದು ವರ್ಣಮಾಲೆ ಇದೆ ಅಂದರೆ ನಂಬುತ್ತೀರಾ? ಅದರಲ್ಲಿ ಬರೀ 20 ಅಕ್ಷರ. ಆ ಅಕ್ಷರಗಳನ್ನು ಬರೆಯಲು ಸುಲಭ ಮಾಡಿಕೊಟ್ಟು, ಅದರಲ್ಲಿ ಬರೆದ ಮಾತುಗಳನ್ನೆಲ್ಲ ಹುಡುಕಿ ಒಂದು ಪುಸ್ತಕದಲ್ಲಿ ಕೂಡಿಸಿಟ್ಟವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮ ಬಯೋಇನ್ಫರ್ಮ್ಯಾಟಿಕ್ಸ್ ಅನ್ನುವ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರಬಹುದು. ಜೀವಿಗಳ ಬಗ್ಗೆ ಸಿಕ್ಕ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೂಡಿಟ್ಟು, ಹೋಲಿಸಿ, ಅರ್ಥ ಮಾಡಿಕೊಳ್ಳುವ ವಿದ್ಯೆ ಅದು. ಆ ವಿದ್ಯೆಗೆ ತಾಯಿ ಅಂತಲೇ ಡೇಹಾಫ್ ಅವರನ್ನು ಕರೆಯುತ್ತಾರೆ.

ಮಾರ್ಗರೆಟ್ ಹುಟ್ಟಿದ್ದು 1925ರ ಮಾರ್ಚ್ 11ರಂದು, ಫಿಲಡೆಲ್ಫಿಯಾದಲ್ಲಿ. ಮನೆಗೆ ಒಬ್ಬಳೇ ಮಗಳು. ತಾಯಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹುಡುಗಿಗೆ ಹತ್ತು ವರ್ಷ ಆದಾಗ ಮನೆಯವರು ನ್ಯೂಯಾರ್ಕಿಗೆ ಬಂದರು. ಶಾಲೆಯಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದೆ. ಸ್ಕಾಲರ್‌ಶಿಪ್ ಸಿಕ್ಕಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಸೇರಿ 1945ರಲ್ಲಿ ಗಣಿತದಲ್ಲಿ ಪದವಿ ಪಡೆದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದರು.

ಅಲ್ಲಿ ಅವರ ಮುಂದೆ ಒಂದು ಕಷ್ಟ ಬಂತು. ದೊಡ್ಡ ದೊಡ್ಡ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಬೇಕು. ಕೈಯಲ್ಲಿ ಮಾಡಿದರೆ ಮುಗಿಯುವ ಲೆಕ್ಕವೇ ಅಲ್ಲ. ಆಗ ಕಂಪನಿಗಳಲ್ಲಿ ಜಮಾಖರ್ಚು ಬರೆಯಲು ಪಂಚ್ ಕಾರ್ಡ್ ಯಂತ್ರಗಳು ಇರುತ್ತಿದ್ದವು. ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಹೊಡೆದು ಅಂಕಿಗಳನ್ನು ಗುರುತಿಸುವುದು, ಯಂತ್ರ ಆ ತೂತುಗಳನ್ನು ಓದಿ ಲೆಕ್ಕ ಮಾಡುವುದು. ವ್ಯಾಪಾರದ ಲೆಕ್ಕ ಮಾಡುವ ಯಂತ್ರ ಅಣುಗಳ ಲೆಕ್ಕವನ್ನೂ ಯಾಕೆ ಮಾಡಬಾರದು ಅಂತ ಮಾರ್ಗರೆಟ್ ಯೋಚಿಸಿದರು. ಮಾಡಿಸಿಯೂ ಬಿಟ್ಟರು! 1948ರಲ್ಲಿ ಅವರಿಗೆ ಪಿಎಚ್.ಡಿ. ಸಿಕ್ಕಿತು. ಅದೇ ವರ್ಷ ಭೌತವಿಜ್ಞಾನಿ ಎಡ್ವರ್ಡ್ ಡೇಹಾಫ್ ಅವರೊಂದಿಗೆ ಮದುವೆಯೂ ಆಯಿತು.

ಮುಂದೆ ಕುಟುಂಬ ಮೇರಿಲ್ಯಾಂಡ್ ರಾಜ್ಯಕ್ಕೆ ಬಂತು. ಇಬ್ಬರು ಹೆಣ್ಣುಮಕ್ಕಳು. ಅವರನ್ನು ಬೆಳೆಸುವುದಕ್ಕಾಗಿ ಮಾರ್ಗರೆಟ್ ಕೆಲವು ವರ್ಷ ಸಂಶೋಧನೆಯನ್ನು ಬದಿಗಿಟ್ಟರು. ವಿಜ್ಞಾನದಲ್ಲಿ ಒಮ್ಮೆ ಬಿಟ್ಟವರು ಮತ್ತೆ ಒಳಗೆ ಬರುವುದು ಆಗ ಸುಲಭ ಇರಲಿಲ್ಲ, ಅದರಲ್ಲೂ ಹೆಂಗಸರಿಗೆ. ಆದರೂ ಬಂದರು. 1960ರಲ್ಲಿ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಶನ್ ಎಂಬ ಹೊಸ ಸಂಸ್ಥೆಯನ್ನು ಸೇರಿದರು. ಅದನ್ನು ಕಟ್ಟಿದ್ದು ರಾಬರ್ಟ್ ಲೆಡ್ಲಿ ಎಂಬುವರು. ವೈದ್ಯಕೀಯಕ್ಕೂ ಜೀವವಿಜ್ಞಾನಕ್ಕೂ ಕಂಪ್ಯೂಟರ್ ಬಳಸಬೇಕು ಅನ್ನುವುದು ಅವರ ಹಂಬಲ. ಮಾರ್ಗರೆಟ್ ಅವರಿಗೆ ಬೇಕಾಗಿದ್ದೂ ಅದೇ.

ಈಗ ಆ 20 ಅಕ್ಷರದ ವರ್ಣಮಾಲೆಗೆ ಬರೋಣ. ನಮ್ಮ ರಕ್ತ, ಮಾಂಸಖಂಡ, ಕೂದಲು, ಊಟ ಜೀರ್ಣ ಮಾಡುವ ರಸ, ಎಲ್ಲದರಲ್ಲೂ ಪ್ರೋಟೀನ್‌ಗಳಿವೆ. ಪ್ರೋಟೀನ್ ಅಂದರೆ ಮಲ್ಲಿಗೆ, ಕನಕಾಂಬರ, ಮರುಗ ಎಲ್ಲ ಸೇರಿಸಿ ಕಟ್ಟಿದ ಹೂಮಾಲೆ ಇದ್ದ ಹಾಗೆ. ಅದರಲ್ಲಿ ಪೋಣಿಸಿರುವುದು ಅಮೈನೋ ಆಮ್ಲಗಳನ್ನು. ಅವು 20 ಬಗೆ. ಯಾವುದರ ಪಕ್ಕ ಯಾವುದು ಬರುತ್ತದೆ ಅನ್ನುವುದರ ಮೇಲೆ ಆ ಪ್ರೋಟೀನಿನ ಕೆಲಸ ನಿಂತಿದೆ. ಉದಾಹರಣೆಗೆ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯದೊಂದು ಬದಲಾದರೆ ಸಾಕು, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಅದು ಕಾರಣ ಆಗಬಲ್ಲದು. ಅಕ್ಕಿ ಹಕ್ಕಿ ಆದ ಹಾಗೆ!

ಈ ಮಾಲೆಯನ್ನು ಮೊದಲ ಬಾರಿ ಓದಿದ್ದು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಇನ್ಸುಲಿನ್ನಿನಲ್ಲಿ ಇರುವುದು 51 ಅಮೈನೋ ಆಮ್ಲ. ಅಷ್ಟನ್ನು ಸಾಲಾಗಿ ಗುರುತಿಸಲು ಅವರಿಗೂ ಅವರ ಜೊತೆಗಾರರಿಗೂ ಸುಮಾರು ಹತ್ತು ವರ್ಷ ಹಿಡಿಯಿತು. ಯಾಕೆ ಅಷ್ಟು ತಡ? ಇಡೀ ಮಾಲೆಯನ್ನು ಒಂದೇ ಸಲ ಓದಲು ಬರುವುದಿಲ್ಲ. ಅದನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನೂ ಓದಿ, ಮತ್ತೆ ಜೋಡಿಸಬೇಕು.

ಹೇಗೆ ಅಂತ ನೀವೇ ಮಾಡಿ ನೋಡಿ. ಒಂದು ವಾಕ್ಯದ ಚೀಟಿಗಳು ಹೀಗೆ ಚೆಲ್ಲಾಪಿಲ್ಲಿ ಸಿಕ್ಕಿವೆ ಅಂದುಕೊಳ್ಳಿ: ‘ರಜೆಯಲ್ಲಿ ಹೋದೆವು’, ‘ಅಜ್ಜಿ ಮನೆಗೆ’, ‘ನಾವು ಬೇಸಿಗೆ ರಜೆಯಲ್ಲಿ’, ‘ಮನೆಗೆ ನಾವು’. ಒಂದು ಚೀಟಿಯ ಕೊನೆ ಇನ್ನೊಂದರ ಶುರುವಿಗೆ ಹೊಂದುತ್ತದಾ ಅಂತ ನೋಡುತ್ತಾ ಹೋದರೆ ಇಡೀ ವಾಕ್ಯ ಸಿಗುತ್ತದೆ: ಅಜ್ಜಿ ಮನೆಗೆ ನಾವು ಬೇಸಿಗೆ ರಜೆಯಲ್ಲಿ ಹೋದೆವು. ನಾಲ್ಕು ಚೀಟಿ ಆದರೆ ಸುಲಭ. ಹತ್ತಾರು ಚೀಟಿ, ಅದೂ ಬರೀ 20 ಅಕ್ಷರ ತಿರುಗಾಮುರುಗಾ ಬರುವ ಚೀಟಿ ಆದರೆ? ತಲೆ ಸುತ್ತುತ್ತೆ ಅಲ್ವಾ?

ಕಂಪ್ಯೂಟರಿಗೆ ತಲೆ ಸುತ್ತುವುದಿಲ್ಲ. 1962ರಲ್ಲಿ ಡೇಹಾಫ್ ಮತ್ತು ಲೆಡ್ಲಿ ಸೇರಿ ಕಾಂಪ್ರೋಟೀನ್ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಅದು ನಡೆಯುತ್ತಿದ್ದದ್ದು ಐಬಿಎಂ 7090 ಎಂಬ, ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರಿನಲ್ಲಿ. ಚೂರುಗಳ ಪಟ್ಟಿ ಕೊಟ್ಟರೆ ಸಾಕು, ಇಡೀ ಮಾಲೆಯ ಸಾಲನ್ನು ಜೋಡಿಸಿಕೊಡುತ್ತಿತ್ತು.

ಆದರೆ ಡೇಹಾಫ್ ಅವರಿಗೆ ಇನ್ನೊಂದು ವಿಷಯ ಕಾಡುತ್ತಿತ್ತು. ಪ್ರಪಂಚದ ಬೇರೆ ಬೇರೆ ಕಡೆ ವಿಜ್ಞಾನಿಗಳು ಒಂದೊಂದೇ ಪ್ರೋಟೀನ್ ಓದುತ್ತಿದ್ದರು. ಒಬ್ಬರ ಫಲಿತಾಂಶ ಒಂದು ಪತ್ರಿಕೆಯಲ್ಲಿ, ಇನ್ನೊಬ್ಬರದು ಮತ್ತೊಂದರಲ್ಲಿ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದವರೇ ಇರಲಿಲ್ಲ. ಅವರು ಮತ್ತು ಜೊತೆಗಾರರು ಪತ್ರಿಕೆಗಳನ್ನು ತಿರುವಿ, ಒಂದೊಂದು ಅಕ್ಷರವನ್ನೂ ತಾಳೆ ನೋಡಿ, ತಪ್ಪು ತಿದ್ದಿ, 1965ರಲ್ಲಿ ಒಂದು ಪುಸ್ತಕ ತಂದರು. ಪ್ರೋಟೀನ್‌ಗಳ ಅಟ್ಲಾಸ್ ಅಂತ ಅದರ ಹೆಸರು. ಆಗ ಅದರಲ್ಲಿ ಇದ್ದದ್ದು 65 ಪ್ರೋಟೀನ್.

ಈ ಕೆಲಸಕ್ಕಾಗಿ ಅವರು ಒಂದು ಚೆಂದದ ಉಪಾಯ ಮಾಡಿದ್ದರು. ಅಮೈನೋ ಆಮ್ಲಗಳ ಹೆಸರಿಗೆ ಮೂರು ಮೂರು ಇಂಗ್ಲಿಷ್ ಅಕ್ಷರ ಬರೆಯುವ ರೂಢಿ ಇತ್ತು. ಪಂಚ್ ಕಾರ್ಡಿನಲ್ಲಿ 80 ಅಕ್ಷರಕ್ಕೆ ಮಾತ್ರ ಜಾಗ. ಹಾಗಾಗಿ ಡೇಹಾಫ್ ಒಂದಕ್ಕೆ ಒಂದೇ ಅಕ್ಷರ ಇಟ್ಟರು. ಅಲನೀನ್‌ಗೆ ಎ, ಗ್ಲೈಸೀನ್‌ಗೆ ಜಿ. ಆಮೇಲೆ ಅಕ್ಷರಗಳು ಸಾಲದಾದವು! ಆರ್ಜಿನೀನ್‌ಗೆ ಎ ಸಿಗಲಿಲ್ಲ, ಆದರೆ ಹೆಸರು ಹೇಳುವಾಗ ಆರ್ ಅಂತ ಕೇಳುತ್ತದಲ್ಲ, ಅದಕ್ಕೆ ಆರ್. ಲ್ಯೂಸೀನ್‌ ಎಲ್ ತೆಗೆದುಕೊಂಡಿತು, ಲೈಸೀನ್‌ಗೆ ಅದರ ಪಕ್ಕದ ಕೆ. ಟ್ರಿಪ್ಟೋಫ್ಯಾನ್ ದಪ್ಪನೆಯ ಅಣು, ಅದಕ್ಕೆ ದಪ್ಪನೆಯ ಅಕ್ಷರ ಡಬ್ಲ್ಯೂ. ಹೀಗೆ ನೆನಪಿಟ್ಟುಕೊಳ್ಳಲು ಸುಲಭ. ಮುಂದೆ ಅಂತರರಾಷ್ಟ್ರೀಯ ಸಮಿತಿಯೂ ಒಂದಕ್ಷರದ ಪದ್ಧತಿಯನ್ನು ಒಪ್ಪಿಕೊಂಡಿತು.

ಪಕ್ಕಪಕ್ಕ ಇಟ್ಟು ನೋಡಿದರೆ ಏನು ಸಿಗುತ್ತದೆ? ಇದಕ್ಕೆ ನಮ್ಮ ಭಾಷೆಯಲ್ಲೇ ಉದಾಹರಣೆ ಇದೆ. ನಾವು ಹಾಲು ಅನ್ನುತ್ತೇವೆ, ತಮಿಳರು ಪಾಲ್, ತೆಲುಗಿನವರು ಪಾಲು. ನಮಗೆ ಹುಲಿ, ಅವರಿಬ್ಬರಿಗೂ ಪುಲಿ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಅಂತಲೇ ಅನ್ನುತ್ತಿದ್ದೆವು. ಕಾಲ ಕಳೆದಂತೆ ಕನ್ನಡದಲ್ಲಿ ‘ಪ’ ಹೋಗಿ ‘ಹ’ ಬಂತು. ಈ ಪದಗಳನ್ನು ಸಾಲಾಗಿ ಬರೆದರೆ ಎರಡು ವಿಷಯ ಗೊತ್ತಾಗುತ್ತದೆ: ಮೂರೂ ಒಂದೇ ಮನೆಯ ಭಾಷೆಗಳು, ಮತ್ತು ಅಕ್ಷರಗಳು ಮನಸ್ಸಿಗೆ ಬಂದ ಹಾಗೆ ಬದಲಾಗುವುದಿಲ್ಲ, ಅದಕ್ಕೊಂದು ಜಾಡು ಇದೆ.

ಡೇಹಾಫ್ ಜೀವಿಗಳಲ್ಲಿ ಹುಡುಕಿದ್ದೂ ಇದನ್ನೇ. ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ನಮ್ಮಲ್ಲೂ ಇದೆ, ಕುದುರೆಯಲ್ಲೂ ಇದೆ, ಸಣ್ಣ ಯೀಸ್ಟಿನಲ್ಲೂ ಇದೆ. ನಮ್ಮದು 104 ಅಕ್ಷರದ್ದು. ಚಿಂಪಾಂಜಿಯದೂ ನಮ್ಮದೂ ಒಂದೇ. ರೀಸಸ್ ಕೋತಿಯದರಲ್ಲಿ ಒಂದು ಅಕ್ಷರ ಬೇರೆ. ಕುದುರೆಯದರಲ್ಲಿ ಹನ್ನೆರಡು ಬೇರೆ. ಹತ್ತಿರದ ನೆಂಟರಲ್ಲಿ ವ್ಯತ್ಯಾಸ ಕಡಿಮೆ, ದೂರದ ನೆಂಟರಲ್ಲಿ ಜಾಸ್ತಿ. ಈ ವ್ಯತ್ಯಾಸಗಳನ್ನು ಎಣಿಸಿ ಅವರು ಕಂಪ್ಯೂಟರಿನಿಂದ ಜೀವಿಗಳ ವಂಶವೃಕ್ಷ ಬರೆಸಿದರು. ಯಾವ ಅಕ್ಷರ ಯಾವುದಾಗಿ ಸುಲಭವಾಗಿ ಬದಲಾಗುತ್ತದೆ, ಯಾವುದು ಜಗ್ಗುವುದೇ ಇಲ್ಲ ಅಂತ ತಿಳಿಯಲು, ಹತ್ತಿರದ ನೆಂಟ ಪ್ರೋಟೀನ್‌ಗಳ 71 ಗುಂಪುಗಳಲ್ಲಿ 1572 ಬದಲಾವಣೆಗಳನ್ನು ಎಣಿಸಿ 1978ರಲ್ಲಿ ಒಂದು ಕೋಷ್ಟಕ ಕೊಟ್ಟರು. ಪ್ಯಾಮ್ ಅಂತ ಅದರ ಹೆಸರು. ಹೊಸ ಪ್ರೋಟೀನ್ ಸಿಕ್ಕಾಗ ಇದರ ನೆಂಟರು ಯಾರು ಅಂತ ಹುಡುಕಲು ಅದು ದಾರಿ ಮಾಡಿಕೊಟ್ಟಿತು.

ಇಷ್ಟೆಲ್ಲ ಮಾಡಿದರೂ ಅವರ ದಾರಿ ಸಲೀಸಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಕಷ್ಟಪಟ್ಟವರು ಬೇರೆಯವರು, ಇವರು ಕೂತು ಪಟ್ಟಿ ಮಾಡುತ್ತಾರೆ, ಇದೂ ಒಂದು ಸಂಶೋಧನೆಯಾ ಅಂತ ಹಲವು ವಿಜ್ಞಾನಿಗಳ ಭಾವನೆ. ಹಣದ ಸಹಾಯ ಸಿಗುವುದೂ ಕಷ್ಟ ಇತ್ತು. ಹೀಗಾಗಿ ಅವರ ಸಂಸ್ಥೆ ಅಟ್ಲಾಸನ್ನು ಮಾರಾಟ ಮಾಡಿ ಖರ್ಚು ತೂಗಿಸುತ್ತಿತ್ತು. ಅದರಲ್ಲಿರುವ ಮಾಹಿತಿಯನ್ನು ಬೇರೆಯವರು ಮತ್ತೆ ಹಂಚುವುದಕ್ಕೆ ತಡೆಯೂ ಇತ್ತು. ನಾವು ಕಂಡುಹಿಡಿದದ್ದನ್ನು ನಾವೇ ದುಡ್ಡು ಕೊಟ್ಟು ಕೊಳ್ಳಬೇಕಾ ಅಂತ ವಿಜ್ಞಾನಿಗಳಿಗೆ ಅಸಮಾಧಾನ ಆಯಿತು.

ಮುಂದೆ ಅಮೆರಿಕ ಸರ್ಕಾರ ಡಿಎನ್ಎ ಸಾಲುಗಳಿಗೆ ಒಂದು ದೊಡ್ಡ ಭಂಡಾರ ಮಾಡಲು ಹೊರಟಿತು. ಇಷ್ಟು ವರ್ಷದ ಅನುಭವ ಇದ್ದ ಡೇಹಾಫ್ ತಂಡವೂ ಅದಕ್ಕೆ ಅರ್ಜಿ ಹಾಕಿತು. ಆದರೆ ಮಾಹಿತಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತೇವೆ ಎಂದ ಲಾಸ್ ಅಲಮೋಸ್ ಪ್ರಯೋಗಾಲಯದ ತಂಡದ ಕಡೆಗೆ 1982ರಲ್ಲಿ ಆ ಕೆಲಸ ಹೋಯಿತು. ಅದೇ ಜೆನ್‌ಬ್ಯಾಂಕ್. ಮಕ್ಕಳೇ, ಇದರಲ್ಲಿ ಯಾರು ಸರಿ ಅಂತ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಚರ್ಚೆ ಮಾಡಿ. ಜ್ಞಾನ ಎಲ್ಲರದೂ ಆಗಬೇಕು ಅನ್ನುವುದು ನಿಜ. ಅದನ್ನು ಜೋಪಾನ ಮಾಡುವವರ ಖರ್ಚನ್ನು ಯಾರಾದರೂ ಕೊಡಬೇಕು ಅನ್ನುವುದೂ ನಿಜ.

ಡೇಹಾಫ್ ಸುಮ್ಮನೆ ಕೂರಲಿಲ್ಲ. ಅದಕ್ಕೂ ಮುಂಚೆಯೇ, 1980ರಲ್ಲಿ, ಟೆಲಿಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿನಿಂದ ತಮ್ಮ ಭಂಡಾರವನ್ನು ಹುಡುಕುವ ವ್ಯವಸ್ಥೆ ಮಾಡಿದ್ದರು. ಪ್ರೋಟೀನ್‌ಗಳ ಸಂಗ್ರಹಕ್ಕೆ ಒಂದು ನೆಲೆ ಸಿಗಬೇಕು ಅಂತ ಓಡಾಡುತ್ತಲೇ ಇದ್ದರು. ಆದರೆ 1983ರ ಫೆಬ್ರವರಿ 5ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ.

ಅವರು ಕೂಡಿಟ್ಟದ್ದು ಮಾತ್ರ ನಿಲ್ಲಲಿಲ್ಲ. ಮರುವರ್ಷ ಜೊತೆಗಾರರು ಅದನ್ನು ಪ್ರೋಟೀನ್ ಮಾಹಿತಿ ಭಂಡಾರವಾಗಿ ಮುಂದುವರಿಸಿದರು. 2002ರಲ್ಲಿ ಅದು ಯೂರೋಪಿನ ಸಂಗ್ರಹಗಳ ಜೊತೆ ಸೇರಿ ಯುನಿಪ್ರಾಟ್ ಆಯಿತು. ಈಗ ಯಾರು ಬೇಕಾದರೂ, ನೀವು ಕೂಡ, ದುಡ್ಡು ಕೊಡದೆ ಅದನ್ನು ನೋಡಬಹುದು. ಒಂದು ಜೀವಕೋಶದೊಳಗೆ ಸಾವಿರಾರು ಪ್ರೋಟೀನ್‌ಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಅಂತ ಅಧ್ಯಯನ ಮಾಡುವ ಸಿಸ್ಟಮ್ಸ್ ಬಯಾಲಜಿಯವರು ಮೊದಲು ಕದ ತಟ್ಟುವುದು ಇಂಥ ಭಂಡಾರಗಳನ್ನೇ. ಕೊರೋನಾ ಕಾಲದಲ್ಲಿ ವೈರಸ್ಸಿನ ಡಿ 614 ಜಿ ಎಂಬ ಬದಲಾವಣೆಯ ಸುದ್ದಿ ಬರುತ್ತಿತ್ತು. ದೊಡ್ಡವರಿಗೆ ನೆನಪಿರಬಹುದು. 614ನೇ ಜಾಗದಲ್ಲಿ ಡಿ ಹೋಗಿ ಜಿ ಬಂದಿದೆ ಅಂತ ಅದರ ಅರ್ಥ. ಡೇಹಾಫ್ ಅವರ ವರ್ಣಮಾಲೆ ಅದು!

ಬಯೋಫಿಸಿಕಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಡೇಹಾಫ್ ಅಧ್ಯಕ್ಷೆಯೂ ಆಗಿದ್ದರು. ಆ ಸಂಘ ಅವರ ಹೆಸರಿನಲ್ಲಿ ಸಂಶೋಧನೆಯ ಮೊದಲ ಹಂತದಲ್ಲಿರುವ ಮಹಿಳೆಯರಿಗೆ ಪ್ರಶಸ್ತಿ ಕೊಡುತ್ತದೆ.

ಕೊನೆಗೆ ಒಂದು ಆಟ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಬಿ, ಜೆ, ಒ, ಯು, ಎಕ್ಸ್, ಝಡ್ ಬಿಟ್ಟರೆ ಉಳಿದ 20 ಅಕ್ಷರವೂ ಒಂದೊಂದು ಅಮೈನೋ ಆಮ್ಲ. ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ರವಿ, ಕಾವ್ಯ, ಮೇಘನಾ, ಇವರೆಲ್ಲ ಪಾಸು! ಸುಮಾಗೆ ಯು ಅಡ್ಡ ಬರುತ್ತದೆ, ಪಾಪ. ಈಗ ಕನ್ನಡ ಅಂತ ಬರೆಯಿರಿ: ಕೆ, ಎ, ಎನ್, ಎನ್, ಎ, ಡಿ, ಎ. ಅಂದರೆ ಲೈಸೀನ್, ಅಲನೀನ್, ಆಸ್ಪರಾಜೀನ್, ಇನ್ನೊಂದು ಆಸ್ಪರಾಜೀನ್, ಅಲನೀನ್, ಆಸ್ಪಾರ್ಟಿಕ್ ಆಮ್ಲ, ಅಲನೀನ್. ಏಳು ಹೂವಿನ ಪುಟ್ಟ ಮಾಲೆ.

ಮುಂದಿನ ವಾರ ಕಾಗುಣಿತ ತಿದ್ದುವಾಗ ಬೇಜಾರಾದರೆ ಈ ಮಾರ್ಗರೆಟ್ ಅವರನ್ನು ಒಮ್ಮೆ ನೆನೆಸಿಕೊಳ್ಳಿ. ಒಂದೊಂದು ಅಕ್ಷರವನ್ನೂ ತಾಳೆ ನೋಡುವುದು ಸಣ್ಣ ಕೆಲಸ ಅಂತ ಅವರಿಗೆ ಯಾವತ್ತೂ ಅನ್ನಿಸಲಿಲ್ಲ.