ಕಲ್ಲುಗಳನ್ನು ಓದಿದ ರೈಸ್ ಸಾಹೇಬರು

ಒಮಾನ್‌ನ ಅಲ್ ಐನ್‌ನಲ್ಲಿ ಗುಡ್ಡದ ಸಾಲಿನ ಮೇಲೆ ಕಲ್ಲಿನ ಗೋರಿಗಳಿವೆ. ಸುಮಾರು 5,000 ವರ್ಷ ಹಳೆಯವು. ಶಾಲೆಯ ಪ್ರವಾಸದಲ್ಲಿ ಅವನ್ನು ನೋಡಿದಾಗ ನನಗೆ ಬೇಸರವಾಯಿತು. ಒಂದಕ್ಷರವೂ ಇಲ್ಲ; ಅಲ್ಲಿ ಮಲಗಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆಗ ಸೊರಬ ತಾಲ್ಲೂಕಿನ ನಮ್ಮ ಅಜ್ಜಿಯ ಊರಿನ ವೀರಗಲ್ಲು ನೆನಪಾಯಿತು. ಅದರ ಮೇಲೆ ಅಕ್ಷರಗಳಿವೆ. ರಜೆಗೆ ಹೋದಾಗ ನಾವು ಮಕ್ಕಳು ಅದಕ್ಕೆ ಒರಗಿ ಮಾವಿನಹಣ್ಣು ತಿನ್ನುತ್ತಿದ್ದೆವು, ಓದಿರಲಿಲ್ಲ.

ಅಂಥ ಕಲ್ಲುಗಳನ್ನು ಓದಿದವರು ಬೆಂಜಮಿನ್ ಲೂಯಿಸ್ ರೈಸ್. ಇಂಗ್ಲೆಂಡಿನಿಂದ ಬಂದ ಮಿಷನರಿಯ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ನನ್ನಂತೆಯೇ ಅವರೂ ಹೆತ್ತವರ ನಾಡಿನಿಂದ ದೂರ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಪ್ರಾಂಶುಪಾಲರಾದರು. ಮುಂದೆ ಅದೇ ಸೆಂಟ್ರಲ್ ಕಾಲೇಜಾಯಿತು. ಆಮೇಲೆ ಶಾಲೆಗಳ ತನಿಖಾಧಿಕಾರಿಯಾಗಿ ಮೈಸೂರು, ಕೊಡಗುಗಳನ್ನು ಸುತ್ತಿದರು. ಶಾಸನಗಳ ಮೇಲೆ ಅವರಿಗೆ ಆಸಕ್ತಿ ಹುಟ್ಟಿತು. ಪಂಡಿತರ ನೆರವಿನಿಂದ ಓದಿ, 1879ರಲ್ಲಿ ಮೊದಲ ಶಾಸನ ಸಂಗ್ರಹವನ್ನು ಪ್ರಕಟಿಸಿದರು.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1861ರಲ್ಲೇ ಆರಂಭವಾಗಿತ್ತು. ಮೈಸೂರು ಸಂಸ್ಥಾನವೂ 1885ರಲ್ಲಿ ತನ್ನದೇ ಪುರಾತತ್ವ ಇಲಾಖೆ ತೆರೆಯಿತು. ಅದರ ಮೊದಲ ನಿರ್ದೇಶಕರು ರೈಸ್. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ಪಂಪನ ಕಾವ್ಯವನ್ನೂ ಸಂಪಾದಿಸಿದರು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ ಅಲ್ಲೇ ತೀರಿಕೊಂಡರು.

ಕಳೆದ ಬೇಸಿಗೆಯಲ್ಲಿ ಅವರ ಎಂಟನೇ ಸಂಪುಟದಲ್ಲಿ ಸೊರಬದ ಪುಟಗಳನ್ನು ಹುಡುಕಿದೆ. ನಮ್ಮ ಊರಿನ ಹೆಸರು ಸಿಕ್ಕಿತು! ಪುಸ್ತಕ ಹಿಡಿದು ಅಜ್ಜಿಯೊಂದಿಗೆ ವೀರಗಲ್ಲಿನ ಮುಂದೆ ಕುಳಿತೆ. ಮಳೆಗೆ ಸವೆದು ಕೊನೆಯ ಸಾಲು ಕಲ್ಲಿನಲ್ಲಿ ಈಗ ಕಾಣುವುದಿಲ್ಲ. ಪುಸ್ತಕದಲ್ಲಿ ಮಾತ್ರ ಉಳಿದಿದೆ. ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದೆ. ದನಗಳನ್ನು ಕಾಯಲು ಹೋರಾಡಿ ಸತ್ತವನ ಕಲ್ಲು ಅದು. ಹಳಗನ್ನಡ ನನಗೆ ಅರ್ಧವೂ ಅರ್ಥವಾಗಲಿಲ್ಲ. ಆದರೆ ಅವನ ಹೆಸರು ಬಂದಾಗ ಅಜ್ಜಿ ಕೈ ಮುಗಿದರು.

ಮಸ್ಕತ್‌ನಲ್ಲಿ ಬೆಳೆಯುವ ನನಗೆ ಕನ್ನಡ ಲಿಪಿ ಯಾಕೆ ಎಂದು ಪ್ರತಿ ವಾರ ಅಮ್ಮನೊಂದಿಗೆ ಜಗಳವಾಡುತ್ತಿದ್ದೆ. ಈಗ ಜಗಳ ನಿಂತಿದೆ. ಇವತ್ತು ತರಗತಿ ಮುಗಿಯುತ್ತದೆ, ಹಳಗನ್ನಡ ಮುಂದಿನ ರಜೆಯಲ್ಲಿ ಶುರುವಾಗುತ್ತದೆ.